ಹರಳುಗಳ ಗುಣವರಿತ ವಿಜ್ಞಾನಿ ಡಾ. ಕೆ. ಎಸ್. ಕೃಷ್ಣನ್

ಫೆಬ್ರುವರಿ 28 ಬಂತೆಂದರೆ ನಮ್ಮ ಶಾಲೆಗಳಲ್ಲಿ ರಾಷ್ಟ್ರೀಯ ವಿಜ್ಞಾನ ದಿನಾಚರಣೆ ನಡೆಯುತ್ತದೆ. ಸರ್ ಸಿ. ವಿ. ರಾಮನ್ನರ ಭಾವಚಿತ್ರಕ್ಕೆ ಹೂಮಾಲೆ ಹಾಕಿ, ಅವರ ಶೋಧದ ಬಗ್ಗೆ ನಾಲ್ಕು ಮಾತು ಕೇಳಿ ನಾವೆಲ್ಲರೂ ಹೆಮ್ಮೆಪಡುತ್ತೇವೆ. ಆದರೆ ಆ ಶೋಧದಲ್ಲಿ ರಾಮನ್ನರೊಡನೆ ಹೆಗಲಿಗೆ ಹೆಗಲು ಕೊಟ್ಟು ದುಡಿದು, ಬಳಿಕ ಕಾಂತತ್ವದ ಅಧ್ಯಯನದಲ್ಲಿ ತಮ್ಮದೇ ದಾರಿ ಕಂಡುಕೊಂಡ ಮಹನೀಯರೊಬ್ಬರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರೇ ಡಾ. ಕರಿಯಮಾಣಿಕ್ಕಂ ಶ್ರೀನಿವಾಸ ಕೃಷ್ಣನ್. ವಿದ್ಯುತ್ತನ್ನು ಉಳಿಸುವ ಹೊಸ ಬಗೆಯ ಕಂಪ್ಯೂಟರ್ ಮೆಮೊರಿಯ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ಕಾಲದಲ್ಲಿ ಅವರ ಜೀವನವನ್ನು ಅರಿಯುವುದು ನಮಗೆ ಹೆಚ್ಚು ಪ್ರಯೋಜನಕರ.

ಕೃಷ್ಣನ್ ಅವರು 1898ರ ಡಿಸೆಂಬರ್ 4ರಂದು ತಮಿಳುನಾಡಿನ ವತ್ರಾಪ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆಯವರು ತಮಿಳು, ಸಂಸ್ಕೃತ ಸಾಹಿತ್ಯಗಳನ್ನು ಚೆನ್ನಾಗಿ ಬಲ್ಲವರು. ಮಗನಿಗೂ ಆ ಒಲವು ಬಂದಿತು. ಅದು ಕೊನೆಯವರೆಗೂ ಉಳಿಯಿತು. ಹಳ್ಳಿಯ ಶಾಲೆಯಲ್ಲಿ, ಆಮೇಲೆ ಶ್ರೀವಿಲ್ಲಿಪುತ್ತೂರಿನಲ್ಲಿ ಓದಿ, ಮಧುರೆಯ ಅಮೆರಿಕನ್ ಕಾಲೇಜು ಮತ್ತು ಮದರಾಸಿನ ಕ್ರಿಶ್ಚಿಯನ್ ಕಾಲೇಜುಗಳಲ್ಲಿ ಉನ್ನತ ಶಿಕ್ಷಣ ಪಡೆದರು. ಪದವಿಯ ನಂತರ ಕ್ರಿಶ್ಚಿಯನ್ ಕಾಲೇಜಿನಲ್ಲಿಯೇ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆದರು. ಊಟದ ಬಿಡುವಿನಲ್ಲಿ ಅವರು ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಉತ್ತರಿಸುತ್ತ ನಡೆಸುತ್ತಿದ್ದ ಚರ್ಚೆಗೆ ಬೇರೆ ಕಾಲೇಜುಗಳ ಹುಡುಗರೂ ಬಂದು ಕೂಡುತ್ತಿದ್ದರಂತೆ.

ರಾಮನ್ನರ ಕೀರ್ತಿ ಅವರನ್ನು ಕಲ್ಕತ್ತಕ್ಕೆ ಸೆಳೆಯಿತು. 1923ರಲ್ಲಿ ಬೌಬಜಾರ್ ಬೀದಿಯ ಭಾರತೀಯ ವಿಜ್ಞಾನ ವರ್ಧನ ಸಂಸ್ಥೆಯಲ್ಲಿ ರಾಮನ್ನರ ಕೈಕೆಳಗೆ ಸಂಶೋಧನೆಗೆ ತೊಡಗಿದರು. 1928ರಲ್ಲಿ ದ್ರವಗಳಲ್ಲಿ ಚದರುವ ಬೆಳಕಿನ ಹೊಸ ಗುಣವನ್ನು ಇಬ್ಬರೂ ಕೂಡಿ ಗುರುತಿಸಿದರು. ಅದನ್ನು ಲೋಕಕ್ಕೆ ಸಾರಿದ ಮೊದಲ ಪತ್ರಕ್ಕೆ ಇಬ್ಬರ ಹೆಸರೂ ಇದೆ. ಆ ದಿನಗಳಲ್ಲಿ ಕೃಷ್ಣನ್ ಬರೆದಿಟ್ಟ ದಿನಚರಿ ಈ ಶೋಧದ ಇತಿಹಾಸಕ್ಕೆ ಇಂದಿಗೂ ದೊಡ್ಡ ಆಧಾರ. 1930ರ ನೊಬೆಲ್ ಪಾರಿತೋಷಕ ರಾಮನ್ನರೊಬ್ಬರಿಗೇ ಸಂದಿತು. ಆ ಹೊತ್ತಿಗೆ ಕೃಷ್ಣನ್ ಕಲ್ಕತ್ತದಲ್ಲಿರಲಿಲ್ಲ. 1928ರ ಕೊನೆಯಲ್ಲಿಯೇ ಢಾಕಾ ವಿಶ್ವವಿದ್ಯಾಲಯಕ್ಕೆ ರೀಡರ್ ಆಗಿ ಹೋಗಿ, ಅಲ್ಲಿ ಹೊಸದೊಂದು ವಿಷಯವನ್ನು ಕೈಗೆತ್ತಿಕೊಂಡಿದ್ದರು. ಅದೇ ಹರಳುಗಳ ಕಾಂತಗುಣ.

ಈ ವಿಷಯ ಏನೆಂಬುದನ್ನು ನಮ್ಮ ಸೀಮೆಯ ಉದಾಹರಣೆಯಿಂದಲೇ ತಿಳಿಯೋಣ. ತಾಂಡೂರಿನ ಹಾಸುಗಲ್ಲು ಪದರದ ಗುಂಟ ಸುಲಭವಾಗಿ ಚಪ್ಪಡಿಯಾಗಿ ಏಳುತ್ತದೆ. ಅಡ್ಡಲಾಗಿ ಹಾಗೆ ಏಳುವುದಿಲ್ಲ. ಕಲ್ಲು ಒಂದೇ, ಆದರೆ ದಿಕ್ಕು ಬದಲಾದರೆ ಗುಣವೂ ಬದಲಾಗುತ್ತದೆ. ಅನೇಕ ಹರಳುಗಳ ಕಾಂತಗುಣವೂ ಹೀಗೆಯೇ. ಹರಳನ್ನು ಕಾಂತಕ್ಷೇತ್ರದಲ್ಲಿ ತೂಗುಬಿಟ್ಟರೆ ಅದು ತನಗೆ ಒಗ್ಗುವ ಒಂದು ದಿಕ್ಕಿಗೆ ತಿರುಗಿ ನಿಲ್ಲುತ್ತದೆ. ಈ ಒಲವು ಎಷ್ಟು ಬಲವಾದುದೆಂದು ನಿಖರವಾಗಿ ಅಳೆಯುವುದು ಹೇಗೆ? ಇದೇ ಕೃಷ್ಣನ್ ಅವರ ಮುಂದಿದ್ದ ಪ್ರಶ್ನೆ.

ಅವರು ಕಂಡುಕೊಂಡ ಉಪಾಯ ಬಹಳ ಸರಳವಾದುದು. ಪುಟ್ಟ ಹರಳೊಂದನ್ನು ಕೂದಲಿಗಿಂತ ತೆಳುವಾದ ಸ್ಫಟಿಕಶಿಲೆಯ ಎಳೆಗೆ ಕಟ್ಟಿ, ಅಯಸ್ಕಾಂತದ ಎರಡು ಧ್ರುವಗಳ ನಡುವೆ ಇಳಿಬಿಡುವುದು. ಎಳೆಯ ಮೇಲ್ತುದಿಯನ್ನು ಮೆಲ್ಲಗೆ ತಿರುಚುತ್ತ ಹೋಗುವುದು. ಎಳೆ ಹರಳನ್ನು ತಿರುಗಿಸಲು ಹವಣಿಸುತ್ತದೆ. ಕಾಂತಕ್ಷೇತ್ರ ಅದನ್ನು ಹಿಡಿದಿಡುತ್ತದೆ. ಹರಳು ತನ್ನ ದಿಕ್ಕಿನಿಂದ 45 ಅಂಶ ಸರಿದಾಗ ಕ್ಷೇತ್ರದ ಹಿಡಿತ ಗರಿಷ್ಠ ಮಿತಿಗೆ ಮುಟ್ಟುತ್ತದೆ. ಅದಕ್ಕೂ ಮೀರಿ ತಿರುಚಿದರೆ ಹರಳು ಥಟ್ಟನೆ ಸುತ್ತಿಬಿಡುತ್ತದೆ. ಅಲ್ಲಿಯವರೆಗೆ ಎಳೆಯನ್ನು ಎಷ್ಟು ತಿರುಚಿದೆವೆಂದು ಲೆಕ್ಕವಿಟ್ಟರೆ ಸಾಕು, ಹರಳಿನ ಒಲವಿನ ಬಲ ಗಣಿತದಿಂದ ದೊರೆಯುತ್ತದೆ. ದುಬಾರಿ ಯಂತ್ರಗಳಿಂದಲ್ಲ, ಕೈಯ ನಾಜೂಕು ಮತ್ತು ತಾಳ್ಮೆಗಳಿಂದ ಆದ ಕೆಲಸವಿದು. ಇದರ ಫಲಗಳನ್ನು ಲಂಡನ್ನಿನ ರಾಯಲ್ ಸೊಸೈಟಿ 1933ರಿಂದ ಲೇಖನಮಾಲೆಯಾಗಿ ಪ್ರಕಟಿಸಿತು.

ಮನೆಯಲ್ಲಿ ಬಟ್ಟೆಗಳ ನಡುವೆ ಇಡುವ ಡಾಂಬರು ಗುಳಿಗೆಯ ನ್ಯಾಫ್ತಲೀನ್, ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್, ಬಗೆಬಗೆಯ ಲವಣಗಳು, ಇವೆಲ್ಲ ಅವರ ಪರೀಕ್ಷೆಗೆ ಒಳಗಾದವು. ಗ್ರಾಫೈಟಿನ ಕಾಂತಗುಣ ಅದರ ಪದರಗಳಿಗೆ ಲಂಬವಾದ ದಿಕ್ಕಿನಲ್ಲಿ, ಪದರದ ಗುಂಟ ಇರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಹೀಗೆ ಹರಳನ್ನು ಒಡೆಯದೆಯೇ ಅದರೊಳಗೆ ಅಣುಗಳು ಹೇಗೆ ಮಲಗಿವೆ, ನೆರೆಹೊರೆಯ ಪರಮಾಣುಗಳು ಎಲೆಕ್ಟ್ರಾನುಗಳ ಮೇಲೆ ಎಂಥ ಪ್ರಭಾವ ಬೀರುತ್ತವೆ ಎಂದು ಅವರು ಊಹಿಸಬಲ್ಲವರಾದರು. ಅಮೆರಿಕದ ವಾನ್ ವ್ಲೆಕ್ ಮೊದಲಾದವರು ಕಟ್ಟುತ್ತಿದ್ದ ಸಿದ್ಧಾಂತಕ್ಕೆ ಈ ಅಳತೆಗಳು ಒರೆಗಲ್ಲಾದವು.

ಇನ್ನು ಇಂದಿನ ಮೆಮೊರಿಯ ವಿಷಯಕ್ಕೆ ಬರೋಣ. ಈಗಿನ ಕಂಪ್ಯೂಟರುಗಳಲ್ಲಿ ಕೆಲಸದ ಮೆಮೊರಿ ಪ್ರತಿ ಅಂಕಿಯನ್ನೂ ಅತ್ಯಲ್ಪ ವಿದ್ಯುದಾವೇಶವಾಗಿ ಹಿಡಿದಿರುತ್ತದೆ. ಅದು ಸೋರಿಹೋಗುತ್ತಲೇ ಇರುವುದರಿಂದ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಮತ್ತೆ ತುಂಬಬೇಕು. ಕರೆಂಟು ಹೋದರೆ ಎಲ್ಲವೂ ಅಳಿಸಿಹೋಗುತ್ತದೆ. ಹೊಸ ಕಾಂತೀಯ ಮೆಮೊರಿಯಲ್ಲಿ ಎರಡು ಕಾಂತೀಯ ತೆಳುಪದರಗಳ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಪದರವಿರುತ್ತದೆ. ಅದರ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು. ಎರಡು ಪದರಗಳ ಕಾಂತದಿಕ್ಕು ಒಂದೇ ಆದರೆ ವಿದ್ಯುತ್ತು ಸುಲಭವಾಗಿ ಹರಿಯುತ್ತದೆ, ವಿರುದ್ಧವಾದರೆ ತಡೆ ಹೆಚ್ಚುತ್ತದೆ. ಸೊನ್ನೆ ಮತ್ತು ಒಂದು ಎಂಬ ಅಂಕಿಗಳು ಹೀಗೆ ಉಳಿಯುತ್ತವೆ. ಎಲೆಕ್ಟ್ರಾನಿನ ಆವೇಶದ ಜೊತೆಗೆ ಅದರ ಸ್ಪಿನ್ ಎಂಬ ಗುಣವನ್ನೂ ದುಡಿಸಿಕೊಳ್ಳುವುದರಿಂದ ಈ ವಿದ್ಯೆಗೆ ಸ್ಪಿನ್‌ಟ್ರಾನಿಕ್ಸ್ ಎಂದು ಹೆಸರು.

ಕರೆಂಟು ಇಲ್ಲದಾಗಲೂ ಕಾಂತದಿಕ್ಕು ಅಲುಗದಂತೆ ಕಾಯುವುದು ಯಾವುದು? ಪದರಕ್ಕೆ ಒಂದು ದಿಕ್ಕಿನ ಮೇಲಿರುವ ಒಲವೇ. 2010ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದವರು ಕೋಬಾಲ್ಟ್, ಕಬ್ಬಿಣ, ಬೋರಾನ್‌ಗಳ ಅತಿ ತೆಳುವಾದ ಪದರದ ಕಾಂತದಿಕ್ಕನ್ನು ಪದರಕ್ಕೆ ಲಂಬವಾಗಿ ನಿಲ್ಲಿಸಿ ತೋರಿಸಿದರು. ಅಲ್ಲಿಯೂ ಕಬ್ಬಿಣ ಮತ್ತು ಆಮ್ಲಜನಕದ ಪರಮಾಣುಗಳ ನೆರೆತನವೇ ದಿಕ್ಕನ್ನು ನಿರ್ಧರಿಸುತ್ತದೆ. ಒಲವು ಬಲವಾದಷ್ಟೂ ಬರೆದದ್ದು ಭದ್ರ, ಆದರೆ ಹೊಸದಾಗಿ ಬರೆಯಲು ಹೆಚ್ಚು ವಿದ್ಯುತ್ತು ಬೇಕು. ಈ ಎರಡನ್ನೂ ತೂಗಿಸಬಲ್ಲ ಪದಾರ್ಥಕ್ಕಾಗಿಯೇ ಇಂದಿನ ಹುಡುಕಾಟ. ಕೃಷ್ಣನ್ ಈ ಮೆಮೊರಿಯನ್ನು ಕಂಡುಹಿಡಿದರೆಂದು ನಾವು ಹೇಳುವುದಿಲ್ಲ. ಅವರು ಅಳೆದ ಹರಳುಗಳು ಕ್ಷೇತ್ರದಿಂದ ಹೊರಬಂದರೆ ಕಾಂತತ್ವವನ್ನು ಉಳಿಸಿಕೊಳ್ಳುವಂಥವಲ್ಲ. ಆದರೆ ನೆರೆಯ ಪರಮಾಣುಗಳಿಂದ ಕಾಂತಗುಣಕ್ಕೆ ದಿಕ್ಕು ಬರುತ್ತದೆಂಬ ಅರಿವನ್ನು ಗಟ್ಟಿಮಾಡಿದವರಲ್ಲಿ ಅವರು ಮುಂಚೂಣಿಯವರು.

1933ರಲ್ಲಿ ರಾಮನ್ನರು ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಕೃಷ್ಣನ್ ಕಲ್ಕತ್ತಕ್ಕೆ ಮರಳಿ ಮಹೇಂದ್ರಲಾಲ್ ಸರ್ಕಾರ್ ಪ್ರಾಧ್ಯಾಪಕರಾದರು. 1940ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ಅವರಿಗೆ ಸಂದಿತು. 1942ರಿಂದ ಅಲಹಾಬಾದಿನಲ್ಲಿ ಪಾಠ ಹೇಳಿ, 1947ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮೊದಲ ನಿರ್ದೇಶಕರಾದರು. ದೇಶಕ್ಕೆ ಬೇಕಾದ ಅಳತೆಯ ಮಾನಗಳನ್ನು ಕಾಪಾಡುವ ಸಂಸ್ಥೆ ಅದು. ಆಡಳಿತದ ಹೊರೆಯ ನಡುವೆಯೂ ಅವರು ಸಂಶೋಧನೆ ಬಿಡಲಿಲ್ಲ. 1954ರಲ್ಲಿ ಪದ್ಮಭೂಷಣ, 1958ರಲ್ಲಿ ಮೊಟ್ಟಮೊದಲ ಭಟ್ನಾಗರ್ ಪುರಸ್ಕಾರ ಅವರನ್ನು ಅರಸಿ ಬಂದವು. 1961ರ ಜೂನ್ 14ರಂದು ಅವರು ದಿವಂಗತರಾದರು. ಆ ಪ್ರಯೋಗಾಲಯದ ಮುಂದಿನ ರಸ್ತೆಗೆ ಇಂದು ಅವರದೇ ಹೆಸರು.

ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಮಕ್ಕಳಿಗೆ ವಿಜ್ಞಾನ ದೂರದ ಮಾತಲ್ಲ. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಸಂಗಾರೆಡ್ಡಿ ದಾಟಿದೊಡನೆ ಕಂದಿಯಲ್ಲಿ ಐ.ಐ.ಟಿ. ಇದೆ, ಅಲ್ಲಿಯೂ ಕಾಂತೀಯ ತೆಳುಪದರಗಳ ಅಧ್ಯಯನ ನಡೆದಿದೆ. ನಮ್ಮ ಶಾಲೆಗಳಲ್ಲಿ ದೊಡ್ಡ ಉಪಕರಣಗಳಿಲ್ಲದಿರಬಹುದು. ಒಂದು ಎಳೆ, ಒಂದು ಹರಳು, ಒಂದು ಅಯಸ್ಕಾಂತದಿಂದ ಕೃಷ್ಣನ್ ಏನು ಸಾಧಿಸಿದರೆಂಬುದನ್ನು ನಾವು ಕಂಡೆವು. ಮಗುವೊಂದು ಸುಮ್ಮನೆ ದಾರಕ್ಕೆ ಅಯಸ್ಕಾಂತ ಕಟ್ಟಿ ತೂಗುತ್ತ ಕುಳಿತರೆ ಹಿರಿಯರು ಗದರದಿರಲಿ. ಎಷ್ಟು ತಿರುಗಿತೆಂದು ಅಳೆದು ಬರೆದಿಡಲು ಹೇಳಲಿ.