ಅಂಕಿಗಳ ಗೆಳೆಯ ಕಾಪ್ರೇಕರ್ ಮೇಷ್ಟ್ರು

ಈ ಸಂಚಿಕೆಗೆ ಒಬ್ಬ ಗಣಿತಜ್ಞರ ಪರಿಚಯ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ, ಈ ಶಾಲೆಯಲ್ಲಿ ಗಣಿತ ಕಲಿಸಿದ ನಾನು ಆರಿಸಿಕೊಂಡದ್ದು ನಮ್ಮಂತೆಯೇ ಶಾಲಾ ಮೇಷ್ಟ್ರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರನ್ನು.

ಕಾಪ್ರೇಕರ್ ಹುಟ್ಟಿದ್ದು 1905ರ ಜನವರಿ 17ರಂದು, ಮಹಾರಾಷ್ಟ್ರದ ಕರಾವಳಿಯ ಡಹಾಣುವಿನಲ್ಲಿ. ಎಂಟನೇ ವಯಸ್ಸಿಗೇ ತಾಯಿಯನ್ನು ಕಳೆದುಕೊಂಡರು. ತಂದೆ ಗುಮಾಸ್ತರು, ಜ್ಯೋತಿಷ್ಯದಲ್ಲಿ ಬಹಳ ಆಸಕ್ತಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿದ್ದಾಗ, 1927ರಲ್ಲಿ, ರ‍್ಯಾಂಗ್ಲರ್ ಪರಾಂಜಪೆ ಗಣಿತ ಬಹುಮಾನ ಪಡೆದರು. 1929ರಲ್ಲಿ ಪದವಿ ಮುಗಿಸಿದರು. ಸ್ನಾತಕೋತ್ತರ ಪದವಿ ಪಡೆಯಲಿಲ್ಲ. 1930ರಿಂದ 1962ರವರೆಗೆ ನಾಸಿಕ್ ಬಳಿಯ ದೇವಳಾಲಿಯಲ್ಲಿ ಶಿಕ್ಷಕರಾಗಿದ್ದರು. ಪಾಠ ಮುಗಿದ ಮೇಲೆ ಅವರ ಆಟವೆಲ್ಲ ಅಂಕಿಗಳ ಜೊತೆ.

ಅವರ ಹೆಸರು ಉಳಿಸಿದ ಸಂಖ್ಯೆ 6174. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಒಂದೇ ಅಂಕಿಯಾಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಬರೆದು, ಅದರಿಂದ ಏರಿಕೆ ಕ್ರಮದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ನಮ್ಮ ಶಾಲೆ ಆರಂಭವಾದ 1975ನ್ನೇ ನೋಡೋಣ. 9751ರಿಂದ 1579 ಕಳೆದರೆ 8172. ಮುಂದೆ 7443, 3996, 6264, 4176, ಕೊನೆಗೆ 6174. ಅಲ್ಲಿಂದ ಮುಂದೆ ಎಷ್ಟು ಕಳೆದರೂ 6174ೇ. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತೇವೆ.

ತನ್ನ ಅಂಕಿಗಳ ಮೊತ್ತದಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಗೆ ಅವರು ಹರ್ಷದ ಎಂದು ಹೆಸರಿಟ್ಟರು, ಅಂದರೆ ಹರ್ಷ ಕೊಡುವಂಥದ್ದು. ನಮ್ಮ ಸುವರ್ಣ ಮಹೋತ್ಸವದ 50 ಹರ್ಷದ ಸಂಖ್ಯೆಯೇ: 5ಕ್ಕೆ 0 ಕೂಡಿದರೆ 5, ಐವತ್ತನ್ನು ಐದರಿಂದ ಭಾಗಿಸಿದರೆ 10. ಒಂದು ಸಂಖ್ಯೆಗೆ ಅದರದೇ ಅಂಕಿಗಳ ಮೊತ್ತ ಕೂಡಿಸಿದರೆ ಇನ್ನೊಂದು ಸಂಖ್ಯೆ ಹುಟ್ಟುತ್ತದೆ. 15ರಿಂದ 21 ಹುಟ್ಟುವ ಹಾಗೆ. ಹೀಗೆ ಯಾವುದರಿಂದಲೂ ಹುಟ್ಟದ ಸಂಖ್ಯೆಗಳಿಗೆ ತಮ್ಮ ಊರಿನ ಹೆಸರನ್ನೇ ಕೊಟ್ಟು ದೇವಳಾಲಿ ಸಂಖ್ಯೆ ಎಂದರು. ಅಮೃತ ಮಹೋತ್ಸವದ 75 ಅಂಥದ್ದು. ಮಕ್ಕಳು ತಾಳೆ ನೋಡಲಿ.

ಇದೆಲ್ಲ ಮಕ್ಕಳಾಟ ಎಂದು ದೊಡ್ಡ ವಿದ್ವಾಂಸರಲ್ಲಿ ಹಲವರು ಕಡೆಗಣಿಸಿದರು. ಕಾಪ್ರೇಕರ್ ಸ್ವಂತ ಖರ್ಚಿನಲ್ಲಿ ಪುಸ್ತಿಕೆ ಅಚ್ಚು ಹಾಕಿಸಿದರು. ನಿವೃತ್ತಿಯ ನಂತರ ಪಿಂಚಣಿ ಸಾಲದೆ ಮನೆಪಾಠ ಹೇಳಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡ್ನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಜಗತ್ತು ಅವರನ್ನು ಗುರುತಿಸಿತು. 1986ರಲ್ಲಿ ತೀರಿಕೊಂಡರು. ಇಂದು ಪ್ರೋಗ್ರಾಮಿಂಗ್ ಕಲಿಯುವ ಹುಡುಗರು ಅವರ 6174ನ್ನು ಕಂಪ್ಯೂಟರಿನಲ್ಲಿ ಬರೆದು ನೋಡುತ್ತಾರೆ.

ಎಸ್‌ಎಸ್‌ಎಲ್‌ಸಿಯಲ್ಲಿ ಗಣಿತವೊಂದರಲ್ಲೇ ನಪಾಸಾಗಿ ಓದು ಬಿಟ್ಟ ಮಕ್ಕಳು ನಮ್ಮೂರಲ್ಲೂ ಇದ್ದಾರೆ. ಅವರಲ್ಲಿ ಬಹುಮಂದಿಗೆ ಬುದ್ಧಿ ಕಡಿಮೆ ಇರಲಿಲ್ಲ, ಲೆಕ್ಕವೆಂದರೆ ಭಯವಿತ್ತು. ಕಳೆಯುವುದು ಬಂದರೆ ಸಾಕು, ಕಾಪ್ರೇಕರ್ ಮೇಷ್ಟ್ರ ಆಟಕ್ಕೆ ಯಾರೂ ಸೇರಬಹುದು. ಹಳೆಯ ವಿದ್ಯಾರ್ಥಿಗಳೇ, ಇವತ್ತು ಸಂಜೆ ನಿಮ್ಮ ಮನೆಯ ಮಕ್ಕಳ ಕೈಗೆ ಒಂದು ಬಳಪ ಕೊಟ್ಟು, ಅವರು ಹುಟ್ಟಿದ ಇಸವಿಯಿಂದ ಶುರು ಮಾಡಿಸಿ.