ಅಂಧ ಮಕ್ಕಳ ಬಾಳಿಗೆ ದಾರಿ ತೋರಿದ ಪಂಚಾಕ್ಷರ ಗವಾಯಿ

ನಾರಾಯಣಗೂಡ: ಕಣ್ಣಿಲ್ಲದ ಮಗುವನ್ನು ಸಾಕುವುದು ಒಂದು ಕಷ್ಟವಾದರೆ, ಆ ಮಗು ದೊಡ್ಡದಾದ ಮೇಲೆ ಅದರ ಹೊಟ್ಟೆಪಾಡಿಗೆ ದಾರಿ ಮಾಡುವುದು ಇನ್ನೂ ದೊಡ್ಡ ಕಷ್ಟ. ಸರಕಾರದ ಯೋಜನೆ, ಮೀಸಲಾತಿ ಯಾವುದೂ ಇಲ್ಲದ ಕಾಲದಲ್ಲಿ ಈ ಕೆಲಸವನ್ನು ತಲೆಯ ಮೇಲೆ ಹೊತ್ತವರು ಗದುಗಿನ ಗಾನಯೋಗಿ ಪಂಚಾಕ್ಷರ ಗವಾಯಿಗಳು. ಅವರೂ ಹುಟ್ಟು ಕುರುಡರು.

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಗುರುಪಾದಯ್ಯ, ನೀಲಮ್ಮ ದಂಪತಿಯ ಮಗನಾಗಿ ಅವರು ಜನಿಸಿದರು. ತಂದೆತಾಯಿ ಇಟ್ಟ ಹೆಸರು ಗದಿಗೆಯ್ಯ. ಅಣ್ಣ ಗುರುಬಸವಯ್ಯನಿಗೂ ದೃಷ್ಟಿ ಇರಲಿಲ್ಲ. ಬಡ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಆದರೆ ಇಬ್ಬರ ಕಂಠವೂ ಇಂಪಾಗಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ಇದನ್ನು ಗುರುತಿಸಿ, ಅವರ ಊಟ, ವಸತಿ, ಶಿಕ್ಷಣದ ಹೊಣೆ ಹೊತ್ತರು.

ಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಶಿವಯೋಗ ಮಂದಿರ ಸ್ಥಾಪಿಸಿದವರು. ಅಂಧ ಹುಡುಗನಿಗೆ ಅನ್ನ ಹಾಕಿದರೆ ಸಾಲದು, ಯಾರ ಮುಂದೆಯೂ ತಲೆ ತಗ್ಗಿಸದೆ ಬಾಳುವ ವಿದ್ಯೆ ಕೊಡಬೇಕೆಂಬುದು ಅವರ ನಿಲುವಾಗಿತ್ತು. ಗದಿಗೆಯ್ಯನನ್ನು ಮೈಸೂರಿಗೆ ಕಳುಹಿಸಿ ಕರ್ನಾಟಕ ಸಂಗೀತ ಕಲಿಸಿದರು. ಮುಂದೆ ಅವರು ನೀಲಕಂಠಬುವಾ ಮಿರಜಕರ ಮತ್ತು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಹೀಗೆ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಪಂಚಾಕ್ಷರ ಗವಾಯಿ ಎಂದು ಪ್ರಸಿದ್ಧರಾದರು.

ಊರೂರು ತಿರುಗಿದ ಶಾಲೆ

ಹೆಸರು ಬಂದ ಮೇಲೆ ತಮ್ಮ ಪಾಡಿಗೆ ಕಛೇರಿ ಮಾಡಿಕೊಂಡು ಸುಖವಾಗಿರಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಬ್ರಹ್ಮಚಾರಿಯಾಗಿಯೇ ಉಳಿದು ಅಂಧ, ಅನಾಥ, ಬಡ ಮಕ್ಕಳನ್ನು ಕೂಡಿಸಿಕೊಂಡು ಸಂಚಾರಿ ಸಂಗೀತ ಶಾಲೆ ನಡೆಸಿದರು. ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಗುರುಗಳು ಹೋದ ಊರೇ ಶಾಲೆ, ಭಕ್ತರು ಕೊಟ್ಟ ಕಾಳುಕಡಿಯೇ ಊಟ. ಜಾತಿ ಕೇಳುತ್ತಿರಲಿಲ್ಲ, ಶುಲ್ಕ ಕೇಳುತ್ತಿರಲಿಲ್ಲ. ಕಣ್ಣಿದ್ದ ಶಿಷ್ಯರೂ ಅದೇ ಪಂಕ್ತಿಯಲ್ಲಿ ಕುಳಿತು ಕಲಿತರು.

ಮಕ್ಕಳು ಕೇಳಿ ಕಲಿಯುತ್ತಿದ್ದರು, ಕೈಮುಟ್ಟಿ ವಾದ್ಯ ಅರಿಯುತ್ತಿದ್ದರು. ಎಲ್ಲರೂ ದೊಡ್ಡ ಗಾಯಕರಾಗಲು ಸಾಧ್ಯವಿಲ್ಲ. ಆದರೆ ಹಾರ್ಮೋನಿಯಂ, ತಬಲಾ, ಪಿಟೀಲು ಇವುಗಳಲ್ಲಿ ಒಂದು ಕೈಗೆ ಹತ್ತಿದರೂ ಬದುಕಿಗೆ ದಾರಿಯಾಗುತ್ತಿತ್ತು. ಕೀರ್ತನೆ, ಪುರಾಣ, ಜಾತ್ರೆ, ನಾಟಕ ಕಂಪನಿ, ಸಂಗೀತ ಪಾಠ ಹೀಗೆ ಉತ್ತರ ಕರ್ನಾಟಕದ ಊರುಗಳಲ್ಲಿ ಸಂಗೀತ ಬಲ್ಲವನಿಗೆ ಕೆಲಸವಿತ್ತು. ಭಿಕ್ಷೆಯೇ ಗತಿ ಎಂದು ಮನೆಯವರು ಕೈಬಿಟ್ಟ ಹುಡುಗನನ್ನು ಊರವರು ಮೇಷ್ಟ್ರೇ ಎಂದು ಕರೆಯುವಂತಾಗುವುದು ಸಣ್ಣ ಮಾತಲ್ಲ.

ದಾನಿ ಬಸರಿಗಿಡದ ವೀರಪ್ಪನವರ ನೆರವಿನಿಂದ ಗದುಗಿನಲ್ಲಿ ಶಾಲೆಗೆ ನೆಲೆ ಸಿಕ್ಕಿತು. ಅವರ ಹೆಸರಿನಲ್ಲೇ 1942ರಲ್ಲಿ ವೀರೇಶ್ವರ ಪುಣ್ಯಾಶ್ರಮ ತಲೆಯೆತ್ತಿತು. ಆದರೆ ಎರಡೇ ವರ್ಷಕ್ಕೆ, 1944ರ ಜೂನ್ 11ರಂದು, 52ನೇ ವಯಸ್ಸಿನಲ್ಲಿ ಗುರುಗಳು ಲಿಂಗೈಕ್ಯರಾದರು.

ಶಿಷ್ಯನ ಹೆಗಲಿಗೆ ಹೊಣೆ

ಆಶ್ರಮದ ಮಕ್ಕಳ ಗತಿಯೇನು ಎಂಬ ಪ್ರಶ್ನೆಗೆ ಉತ್ತರವಾಗಿ ನಿಂತವರು ಪುಟ್ಟರಾಜ ಗವಾಯಿಗಳು. ಎಳೆಯ ಕೂಸಾಗಿದ್ದಾಗಲೇ ದೃಷ್ಟಿ ಕಳೆದುಕೊಂಡು ಗುರುಗಳ ನೆರಳಿನಲ್ಲಿ ಬೆಳೆದ ಅವರಿಗೆ ಆಗ 30 ವರ್ಷ. 2010ರ ಸೆಪ್ಟೆಂಬರ್ 17ರಂದು ಕಣ್ಮುಚ್ಚುವವರೆಗೆ, ಅಂದರೆ 66 ವರ್ಷ, ಅವರು ಆಶ್ರಮ ನಡೆಸಿದರು. ಅದೇ ವರ್ಷ ಕೇಂದ್ರ ಸರಕಾರ ಅವರಿಗೆ ಪದ್ಮಭೂಷಣ ನೀಡಿತ್ತು. ಕುರುಡ ಗುರುವಿನ ಕೈಯಲ್ಲಿ ಬೆಳೆದ ಕುರುಡ ಬಾಲಕ ಸಾವಿರಾರು ಮಕ್ಕಳಿಗೆ ಅಜ್ಜನಾದುದೇ ಪಂಚಾಕ್ಷರರ ಕೆಲಸಕ್ಕೆ ದೊಡ್ಡ ಸಾಕ್ಷಿ.

ಪಂಡಿತ ಬಸವರಾಜ ರಾಜಗುರು, ಅರ್ಜುನಸಾ ನಾಕೋಡ ಅವರೂ ಈ ಗುರುವಿನ ಶಿಷ್ಯರೇ. ವಚನ ಗಾಯನಕ್ಕೆ ಹೆಸರಾದ ಸಿದ್ದರಾಮ ಜಂಬಲದಿನ್ನಿ ಸಹ ಇದೇ ಪರಂಪರೆಯವರು. ಅವರ ಊರು ರಾಯಚೂರು ಜಿಲ್ಲೆಯದು. 1956ರವರೆಗೆ ಹೈದರಾಬಾದ್ ರಾಜ್ಯಕ್ಕೆ ಸೇರಿದ್ದ ಆ ಸೀಮೆಯಿಂದ ಬಂದ ಅನೇಕ ಮನೆತನಗಳು ಈ ನಗರದಲ್ಲಿವೆ. ಗವಾಯಿಗಳ ಜೀವನ ಕುರಿತ ಚಲನಚಿತ್ರದ ಹಾಡಿಗಾಗಿ ತೆಲುಗರ ಹೆಮ್ಮೆಯ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ 1995ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂದುದನ್ನೂ ಇಲ್ಲಿ ನೆನೆಯಬಹುದು.

ಇಂದು ಕಾಲ ಬದಲಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ, ಸರಕಾರಿ ನೌಕರಿಯಲ್ಲಿ ಶೇ. 4 ಮೀಸಲಾತಿ ಇದೆ. ಬೌದ್ಧಿಕ ವೈಕಲ್ಯವುಳ್ಳವರಿಗಾಗಿ 1984ರಲ್ಲಿ ಆರಂಭವಾದ ರಾಷ್ಟ್ರೀಯ ಸಂಸ್ಥೆ ಸಿಕಂದರಾಬಾದಿನಲ್ಲೇ ಇದೆ. ಆದರೂ ಶಾಲೆ ಮುಗಿಸಿದ ಮಗ ಅಥವಾ ಮಗಳು ಮನೆಯ ಮೂಲೆ ಸೇರುವುದು ಇನ್ನೂ ತಪ್ಪಿಲ್ಲ. ನಾರಾಯಣಗೂಡ, ಕಾಚಿಗೂಡ, ಬರ್ಕತ್‌ಪುರದ ಕನ್ನಡ ಬಂಧುಗಳಲ್ಲಿ ಅಂಗಡಿ, ಹೋಟೆಲು, ಕಚೇರಿ ನಡೆಸುವವರಿದ್ದಾರೆ. ಅವರು ಇಂಥ ಒಬ್ಬ ಯುವಕನಿಗೆ ಕೆಲಸ ಕಲಿಸಿ ಸಂಬಳ ಕೊಟ್ಟರೂ ಅದು ಗವಾಯಿಗಳಿಗೆ ಸಲ್ಲಿಸುವ ನಿಜವಾದ ಗೌರವ. ಸಂಘಗಳು ಪ್ರತಿ ವರ್ಷ ಜೂನ್ 11ರಂದು ಅವರ ಪುಣ್ಯಸ್ಮರಣೆ ಮಾಡುವಾಗ, ಅಂಧ ಕಲಾವಿದರಿಗೆ ಯೋಗ್ಯ ಸಂಭಾವನೆ ಕೊಟ್ಟು ವೇದಿಕೆ ಒದಗಿಸಿದರೆ ಆ ದಿನಕ್ಕೆ ಅರ್ಥ ಬರುತ್ತದೆ.