ಸೋತ ಪಡೆಯ ಸಾಕ್ಷಿ: ಜಾರ್ಜ್ ಆರ್ವೆಲ್

ಬಿಹಾರದ ಮೋತಿಹಾರಿಯಲ್ಲಿ 1903ರ ಜೂನ್ 25ರಂದು ಎರಿಕ್ ಆರ್ಥರ್ ಬ್ಲೇರ್ ಜನಿಸಿದನು. ಜಾರ್ಜ್ ಆರ್ವೆಲ್ ಎಂಬುದು ಅವನು ಮುಂದೆ ಇರಿಸಿಕೊಂಡ ಕಾವ್ಯನಾಮ. ತಂದೆ ರಿಚರ್ಡ್ ಬ್ಲೇರ್ ಬ್ರಿಟಿಷ್ ಸರ್ಕಾರದ ಅಫೀಮು ಇಲಾಖೆಯಲ್ಲಿ ಅಧಿಕಾರಿಯಾಗಿದ್ದನು. ನೀಲಿ ಬೆಳೆಯುವ ರೈತರ ಪರವಾಗಿ ಗಾಂಧೀಜಿಯವರು 1917ರಲ್ಲಿ ಸತ್ಯಾಗ್ರಹ ನಡೆಸಿದ ಚಂಪಾರಣ್ಯವೂ ಇದೇ ಸೀಮೆ. ಮಗು ಎಳೆಯದಿರುವಾಗಲೇ ತಾಯಿ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದಳು. ಈಟನ್ ಶಾಲೆಯಲ್ಲಿ ಓದು ಮುಗಿಸಿದ ತರುಣ 1922ರಲ್ಲಿ ಬರ್ಮಾದ ಪೊಲೀಸ್ ಸೇವೆಗೆ ಸೇರಿದನು. ಆಳುವವರ ಕೈಯ ಲಾಠಿಯಾಗಿ ಐದು ವರ್ಷ ದುಡಿದ ಮೇಲೆ ಸಾಮ್ರಾಜ್ಯಶಾಹಿಯ ಬಗೆಗೆ ಅವನಲ್ಲಿ ತೀವ್ರವಾದ ಜುಗುಪ್ಸೆ ಹುಟ್ಟಿತು. 1927ರಲ್ಲಿ ಕೆಲಸ ತೊರೆದು, ಲಂಡನ್ ಮತ್ತು ಪ್ಯಾರಿಸಿನ ನಿರ್ಗತಿಕರ ನಡುವೆ ಬದುಕಿ, ಆ ಅನುಭವವನ್ನು 1933ರಲ್ಲಿ ತನ್ನ ಮೊದಲ ಪುಸ್ತಕವಾಗಿಸಿದನು. ಮರುವರ್ಷ ಪ್ರಕಟವಾದ 'ಬರ್ಮೀಸ್ ಡೇಸ್' ಕಾದಂಬರಿ ಬರ್ಮಾದ ದಿನಗಳ ಋಣಸಂದಾಯವಾಗಿತ್ತು.

ಇಷ್ಟಾದರೂ ಇಂದು ಲೋಕ ಬಲ್ಲ ಆರ್ವೆಲ್ ರೂಪುಗೊಂಡದ್ದು ಇಂಗ್ಲೆಂಡಿನಲ್ಲಿಯೂ ಅಲ್ಲ, ಬರ್ಮಾದಲ್ಲಿಯೂ ಅಲ್ಲ. ಸ್ಪೇನಿನ ಅಂತರ್ಯುದ್ಧದಲ್ಲಿ, ಹೆಸರೇ ಅಳಿದುಹೋಗಬಹುದಾಗಿದ್ದ ಒಂದು ಚಿಕ್ಕ ಸ್ವಯಂಸೇವಕ ಪಡೆಯ ಕಂದಕದಲ್ಲಿ.

1936ರ ಜುಲೈ ತಿಂಗಳಲ್ಲಿ ಸ್ಪೇನಿನ ಚುನಾಯಿತ ಗಣರಾಜ್ಯ ಸರ್ಕಾರದ ವಿರುದ್ಧ ಸೇನಾಧಿಪತಿಗಳು ದಂಗೆಯೆದ್ದರು. ಅವರಲ್ಲಿ ಪ್ರಮುಖನಾಗಿ ಮೇಲೆದ್ದವನು ಫ್ರಾಂಕೊ. ಸೈನ್ಯದ ಬಹುಭಾಗ ಕೈಬಿಟ್ಟಾಗ ಗಣರಾಜ್ಯವನ್ನು ಉಳಿಸಲು ಕಾರ್ಮಿಕ ಸಂಘಗಳೂ ಎಡಪಕ್ಷಗಳೂ ತಮ್ಮ ತಮ್ಮ ಪಡೆಗಳನ್ನು ಕಟ್ಟಿದವು. ಪಿ.ಓ.ಯು.ಎಂ. ಎಂಬ ಪಕ್ಷದ ಪಡೆ ಅವುಗಳಲ್ಲೊಂದು. ಮಾರ್ಕ್ಸ್‌ವಾದಿ ಏಕೀಕರಣದ ಕಾರ್ಮಿಕ ಪಕ್ಷ ಎಂಬುದು ಆ ಹೆಸರಿನ ಅರ್ಥ. 1935ರಲ್ಲಿ ಸ್ಥಾಪಿತವಾದ ಈ ಪಕ್ಷದ ನಾಯಕರು ಹ್ವಾಕಿನ್ ಮೌರಿನ್ ಮತ್ತು ಆಂಡ್ರೆಯು ನಿನ್. ಕೆಟಲೋನಿಯಾ ಪ್ರಾಂತ್ಯದಾಚೆ ಇದರ ಬಲ ಅಲ್ಪ. ಮಾರ್ಕ್ಸ್‌ವಾದಿಯಾಗಿದ್ದೂ ಸ್ಟಾಲಿನ್ನನ ಮಾಸ್ಕೋ ವಿಚಾರಣೆಗಳನ್ನು ಬಹಿರಂಗವಾಗಿ ಖಂಡಿಸಿದ್ದೇ ಇದರ ದೊಡ್ಡ ಅಪರಾಧವಾಯಿತು. ಏಕೆಂದರೆ ಗಣರಾಜ್ಯಕ್ಕೆ ಆಯುಧ ಮಾರುತ್ತಿದ್ದ ಪ್ರಮುಖ ದೇಶ ಸೋವಿಯತ್ ರಷ್ಯಾ.

1936ರ ಡಿಸೆಂಬರ್ ಕೊನೆಯಲ್ಲಿ ಆರ್ವೆಲ್ ಬಾರ್ಸಿಲೋನಾ ತಲುಪಿದನು. ಈ ಪಡೆಯನ್ನು ಅವನು ಆರಿಸಿಕೊಂಡು ಸೇರಿದ್ದಲ್ಲ. ಲಂಡನ್ನಿನ ಕಮ್ಯುನಿಸ್ಟ್ ಪಕ್ಷ ಅವನಿಗೆ ನೆರವಾಗಲು ನಿರಾಕರಿಸಿತ್ತು. ಇಂಡಿಪೆಂಡೆಂಟ್ ಲೇಬರ್ ಪಾರ್ಟಿ ಪರಿಚಯಪತ್ರ ಕೊಟ್ಟಿತು. ಆ ಪಕ್ಷದ ಸ್ಪೇನಿನ ಬಂಧು ಪಿ.ಓ.ಯು.ಎಂ. ಆಗಿದ್ದುದರಿಂದ ಅವನು ಲೆನಿನ್ ಬ್ಯಾರಕ್ಕಿಗೆ ಹೋದನು.

ಅಲ್ಲಿ ಕಂಡದ್ದು ಸೈನ್ಯವೆಂದು ಕರೆಯಲು ಸಂಕೋಚವಾಗುವಂತಹ ಒಂದು ಗುಂಪು. ಹದಿನೈದು ಹದಿನಾರು ವರ್ಷದ ಹುಡುಗರು, ಒಬ್ಬರದು ಮತ್ತೊಬ್ಬರದಕ್ಕೆ ಹೋಲದ ಉಡುಪು. ಅರಾಗಾನ್ ರಣರಂಗಕ್ಕೆ ಹೊರಟವರಿಗೆ ಬಂದೂಕು ದೊರೆತದ್ದು ಮುಂಚೂಣಿ ತಲುಪಿದ ಮೇಲೆ. ಆರ್ವೆಲ್ಲನ ಕೈಗೆ ಬಂದದ್ದು 1896ರ ಜರ್ಮನ್ ಮೌಸರ್, ನಾಲ್ವತ್ತು ವರ್ಷ ಹಳೆಯದು. ಆಲ್ಕುಬಿಯೆರ್ ಬೆಟ್ಟಸಾಲಿನ ಚಳಿಗಾಲದಲ್ಲಿ ಶತ್ರುವಿಗಿಂತ ಚಳಿ, ಹೇನು, ಸೌದೆಯ ಅಭಾವ ಇವುಗಳೊಡನೆಯೇ ಹೆಚ್ಚು ಹೋರಾಟ.

ಆದರೆ ಈ ಪಡೆಯ ಒಳಗೊಂದು ಅಪೂರ್ವ ವ್ಯವಸ್ಥೆಯಿತ್ತು. ಸೇನಾನಿಗೂ ಸಾಮಾನ್ಯ ಸೈನಿಕನಿಗೂ ದಿನಕ್ಕೆ ಒಂದೇ ಸಂಬಳ, ಹತ್ತು ಪೆಸೆಟಾ. ಊಟ ಒಂದೇ, ಉಡುಪು ಒಂದೇ. ವಂದನೆ ಸಲ್ಲಿಸುವ ಪದ್ಧತಿ ಇಲ್ಲ. ಆಜ್ಞೆಯನ್ನು ಪಾಲಿಸಬೇಕು, ಆದರೆ ಏಕೆಂದು ಕೇಳುವ ಹಕ್ಕು ಉಂಟು. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಆರ್ವೆಲ್ಲನಿಗೆ ಮೊದಮೊದಲು ಇದು ಅವ್ಯವಸ್ಥೆಯಾಗಿಯೇ ತೋರಿತು. ಹನ್ನೆರಡು ಜನರ ಕಾವಲು ತಂಡಕ್ಕೆ ನಾಯಕನಾದಾಗ ಅವರನ್ನು ನಡೆಸಲು ಅವನು ಪರದಾಡಿದನು. ಕೆಲವೇ ವಾರಗಳಲ್ಲಿ ಅಭಿಪ್ರಾಯ ಬದಲಾಯಿತು. ಕಾರಣ ತಿಳಿದು ಒಪ್ಪಿದವರು ಭಯದಿಂದ ಒಪ್ಪಿದವರಿಗಿಂತ ಗಟ್ಟಿಯಾಗಿ ನಿಲ್ಲುವರೆಂಬುದನ್ನು ಅವನು ಕಂಡನು. ಗಣರಾಜ್ಯದ ಕ್ರಮಬದ್ಧ ಸೇನೆ ಹಿಂದೆ ತರಬೇತಿ ಪಡೆಯುತ್ತಿದ್ದ ಆ ತಿಂಗಳುಗಳಲ್ಲಿ ಮುಂಚೂಣಿಯನ್ನು ಹಿಡಿದು ನಿಂತದ್ದು ಇಂತಹ ಹರಕು ಪಡೆಗಳೇ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆರ್ವೆಲ್ ಪಿ.ಓ.ಯು.ಎಂ. ಪಕ್ಷದ ಸದಸ್ಯನಾಗಲಿಲ್ಲ, ಅದರ ವಾದವನ್ನು ಒಪ್ಪಿಯೂ ಇರಲಿಲ್ಲ. ಯುದ್ಧವೂ ಕ್ರಾಂತಿಯೂ ಜೊತೆಜೊತೆಗೆ ಸಾಗಬೇಕು ಎಂದು ಪಕ್ಷ ಹೇಳುತ್ತಿತ್ತು. ಮೊದಲು ಯುದ್ಧ ಗೆಲ್ಲಬೇಕು ಎನ್ನುವ ಕಮ್ಯುನಿಸ್ಟರ ನಿಲುವೇ ಆರ್ವೆಲ್ಲನಿಗೆ ವಿವೇಕದ್ದೆನಿಸಿತ್ತು. 1937ರ ಏಪ್ರಿಲಿನಲ್ಲಿ ರಜೆಯ ಮೇಲೆ ಬಾರ್ಸಿಲೋನಾಕ್ಕೆ ಬಂದಾಗ ಮ್ಯಾಡ್ರಿಡ್ ಕಡೆಯ ಅಂತರರಾಷ್ಟ್ರೀಯ ದಳಕ್ಕೆ ವರ್ಗವಾಗುವ ಯೋಚನೆಯೂ ಅವನಲ್ಲಿತ್ತು.

ಮೇ 3ರಂದು ಅರಾಜಕತಾವಾದಿ ಕಾರ್ಮಿಕರ ವಶದಲ್ಲಿದ್ದ ಟೆಲಿಫೋನ್ ಕಚೇರಿಯನ್ನು ಹಿಡಿಯಲು ಸಶಸ್ತ್ರ ಪೊಲೀಸರು ನುಗ್ಗಿದರು. ನಗರದ ಬೀದಿಗಳಲ್ಲಿ ಗಣರಾಜ್ಯದವರೇ ಗಣರಾಜ್ಯದವರ ಮೇಲೆ ಗುಂಡು ಹಾರಿಸಿದರು. ನೂರಾರು ಜನ ಸತ್ತರು. ಆರ್ವೆಲ್ ಪೊಲಿಯೊರಾಮಾ ಚಿತ್ರಮಂದಿರದ ಮಾಳಿಗೆಯ ಮೇಲೆ ಕುಳಿತು ಎದುರಿನ ಪಕ್ಷದ ಕಟ್ಟಡವನ್ನು ಕಾದನು. ಹೋರಾಟ ತಣ್ಣಗಾದ ಮೇಲೆ ಕಮ್ಯುನಿಸ್ಟ್ ಪತ್ರಿಕೆಗಳು ಹೊಣೆಯನ್ನೆಲ್ಲ ಪಿ.ಓ.ಯು.ಎಂ. ತಲೆಗೆ ಕಟ್ಟಿ, ಅದು ಫ್ರಾಂಕೊನ ಗುಪ್ತ ದಳವೆಂದು ಸಾರಿದವು. ಕಣ್ಣಾರೆ ಕಂಡದ್ದಕ್ಕೂ ಅಚ್ಚಾದದ್ದಕ್ಕೂ ಸಂಬಂಧವೇ ಇರಲಿಲ್ಲ. ಅಂತರರಾಷ್ಟ್ರೀಯ ದಳ ಸೇರುವ ಯೋಚನೆಯನ್ನು ಬಿಟ್ಟು ಅವನು ಹಳೆಯ ಸಂಗಾತಿಗಳೊಡನೆಯೇ ವೆಸ್ಕಾ ಮುಂಚೂಣಿಗೆ ಮರಳಿದನು.

ಮೇ 20ರ ಮುಂಜಾವು ಗುಂಡೊಂದು ಅವನ ಕೊರಳನ್ನು ತೂರಿ ಹೋಯಿತು. ಮುಖ್ಯ ರಕ್ತನಾಳ ಕೂದಲೆಳೆಯಷ್ಟರಲ್ಲಿ ಪಾರಾಯಿತು; ದನಿ ಮಾತ್ರ ಪಿಸುಮಾತಿಗಿಳಿಯಿತು. ಆಸ್ಪತ್ರೆಗಳಲ್ಲಿ ಅಲೆದು, ಸೇನೆಯಿಂದ ಬಿಡುಗಡೆಯ ಪತ್ರ ಪಡೆದು ಬಾರ್ಸಿಲೋನಾಕ್ಕೆ ಬರುವಷ್ಟರಲ್ಲಿ ಪಕ್ಷ ನಿಷೇಧಕ್ಕೊಳಗಾಗಿತ್ತು. ಜೂನ್ 16ರಂದು ನಾಯಕರ ಬಂಧನವಾಯಿತು. ಆಂಡ್ರೆಯು ನಿನ್ನನನ್ನು ಸೋವಿಯತ್ ಗುಪ್ತಚರರು ರಹಸ್ಯವಾಗಿ ಕೊಂದರು. ಆರ್ವೆಲ್ಲನ ದಳಪತಿ ಜಾರ್ಜ್ ಕೋಪ್ ಸೆರೆಯಾದನು. ಸ್ಕಾಟ್ಲೆಂಡಿನ ತರುಣ ಬಾಬ್ ಸ್ಮೈಲಿ ವೆಲೆನ್ಸಿಯಾದ ಸೆರೆಮನೆಯಲ್ಲಿ ಅಸುನೀಗಿದನು. ಬಾರ್ಸಿಲೋನಾದಲ್ಲಿ ಕೆಲಸ ಮಾಡುತ್ತಿದ್ದ ಪತ್ನಿ ಐಲೀನ್ ಹೋಟೆಲಿನಲ್ಲಿಯೇ ಗಂಡನನ್ನು ತಡೆದು, ತಲೆಮರೆಸಿಕೊಳ್ಳುವಂತೆ ಎಚ್ಚರಿಸಿದಳು. ಪಾಳುಬಿದ್ದ ಚರ್ಚಿನಲ್ಲಿ ರಾತ್ರಿ ಕಳೆಯುತ್ತಿದ್ದ ಆ ದಿನಗಳಲ್ಲಿಯೂ ಅವನು ಕೋಪನನ್ನು ಕಾಣಲು ಸೆರೆಮನೆಗೆ ಹೋದನು. ಅವನ ಬಿಡುಗಡೆಗೆ ನೆರವಾಗಬಹುದಾದ ಪತ್ರವನ್ನು ಹಿಂಪಡೆಯಲು ಪೊಲೀಸ್ ಕಚೇರಿಯೊಳಕ್ಕೇ ಕಾಲಿಟ್ಟನು. ಕೊನೆಗೆ ಜೂನ್ 23ರಂದು ದಂಪತಿಗಳು ರೈಲಿನಲ್ಲಿ ಫ್ರಾನ್ಸಿನ ಗಡಿ ದಾಟಿದರು. ಜುಲೈ 13ರಂದು ಸಿದ್ಧವಾದ ಆರೋಪಪತ್ರವೊಂದರಲ್ಲಿ ಇಬ್ಬರ ಹೆಸರೂ ಇತ್ತು.

ಇಂಗ್ಲೆಂಡಿನಲ್ಲಿ ಅವನಿಗೆ ಎದುರಾದದ್ದು ಮೌನ. ಎಡಪಂಥೀಯ ಪತ್ರಿಕೆಯೊಂದು ಅವನ ಬರಹವನ್ನು ಹಿಂದಿರುಗಿಸಿತು. ಪ್ರಕಾಶಕ ಗೊಲಾಂಝ್ ಪುಸ್ತಕ ಬರೆಯುವ ಮೊದಲೇ ಅದನ್ನು ನಿರಾಕರಿಸಿದನು. ನಿಜ ಹೇಳಿದರೆ ಫ್ರಾಂಕೊನಿಗೆ ಅನುಕೂಲವಾದೀತೆಂಬುದು ಇಂತಹವರ ಅಳುಕು. ಸೆಕರ್ ಮತ್ತು ವಾರ್ಬರ್ಗ್ ಸಂಸ್ಥೆ 1938ರ ಏಪ್ರಿಲಿನಲ್ಲಿ 'ಹೋಮೇಜ್ ಟು ಕೆಟಲೋನಿಯಾ' ಕೃತಿಯನ್ನು 1500 ಪ್ರತಿಗಳಲ್ಲಿ ಹೊರತಂದಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಈ ಕೃತಿಯ ರಚನೆಯಲ್ಲಿಯೇ ಒಂದು ಪ್ರಶ್ನೆಯಿದೆ. ಸೊಗಸಾದ ಅನುಭವಕಥನದ ನಡುವೆ ಪಕ್ಷಗಳ ವಿವರ, ಪತ್ರಿಕೆಗಳ ಆರೋಪ, ಅವುಗಳ ಖಂಡನೆ ತುಂಬಿದ ಎರಡು ನೀರಸ ಅಧ್ಯಾಯಗಳು ಬರುತ್ತವೆ. ಕಲಾಕೃತಿ ಕೆಡುತ್ತದೆ ಎಂದು ವಿಮರ್ಶಕನೊಬ್ಬ ಆಕ್ಷೇಪಿಸಿದನು. ಆರ್ವೆಲ್ ಆ ದೋಷವನ್ನು ಒಪ್ಪಿಕೊಂಡನು. ಆದರೆ ನಿರಪರಾಧಿಗಳ ಮೇಲಿನ ಸುಳ್ಳು ಆರೋಪ ತನ್ನನ್ನು ಕೆರಳಿಸದಿದ್ದರೆ ಪುಸ್ತಕವನ್ನೇ ಬರೆಯುತ್ತಿರಲಿಲ್ಲವೆಂದು 1946ರ ಪ್ರಬಂಧವೊಂದರಲ್ಲಿ ತಿಳಿಸಿದನು. ಆ ಅಧ್ಯಾಯಗಳು ಅನುಬಂಧವಾಗಿ ಕೊನೆಗೆ ಸರಿದದ್ದು ಅವನ ಮರಣಾನಂತರದ ಆವೃತ್ತಿಯಲ್ಲಿ, ಅವನದೇ ಇಚ್ಛೆಯಂತೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1943ರವರೆಗೆ ಆರ್ವೆಲ್ ಬಿ.ಬಿ.ಸಿ.ಯ ಭಾರತ ವಿಭಾಗದಲ್ಲಿ ದುಡಿದನು. ಮುಲ್ಕ್ ರಾಜ್ ಆನಂದ್ ಅಲ್ಲಿ ಅವನ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡರು. 1945ರ ಮಾರ್ಚಿಯಲ್ಲಿ ಐಲೀನ್ ಶಸ್ತ್ರಚಿಕಿತ್ಸೆಯ ವೇಳೆ ತೀರಿಕೊಂಡಳು. ಅದೇ ಆಗಸ್ಟಿನಲ್ಲಿ 'ಅನಿಮಲ್ ಫಾರ್ಮ್' ಪ್ರಕಟವಾಯಿತು. ಪ್ರಾಣಿಗಳ ಗೋಡೆಬರಹವನ್ನು ಹಂದಿಗಳು ರಾತ್ರೋರಾತ್ರಿ ತಿದ್ದುವ ಕಲ್ಪನೆಯ ಹಿಂದೆಯೂ, 1949ರ 'ನೈನ್‌ಟೀನ್ ಎಯ್ಟಿ-ಫೋರ್' ಕಾದಂಬರಿಯಲ್ಲಿ ನಿನ್ನೆಯ ಪತ್ರಿಕೆಯನ್ನು ಇಂದು ಬದಲಿಸುವ ಕಚೇರಿಯ ಹಿಂದೆಯೂ ಬಾರ್ಸಿಲೋನಾದಲ್ಲಿ ಅವನು ಓದಿದ ಪತ್ರಿಕೆಗಳ ನೆರಳಿದೆ.

1938ರ ಅಕ್ಟೋಬರಿನಲ್ಲಿ ಗಣರಾಜ್ಯದ ನ್ಯಾಯಾಲಯ ಪಿ.ಓ.ಯು.ಎಂ. ನಾಯಕರಿಗೆ ಮೇ ಘಟನೆಗಳಿಗಾಗಿ ಶಿಕ್ಷೆ ವಿಧಿಸಿತು. ದೇಶದ್ರೋಹ ಮತ್ತು ಬೇಹುಗಾರಿಕೆಯ ಆರೋಪಗಳನ್ನು ಮಾತ್ರ ಅದು ಒಪ್ಪಲಿಲ್ಲ. 1939ರಲ್ಲಿ ಫ್ರಾಂಕೊ ಗೆದ್ದನು. ಸುಳ್ಳು ಹೊರಿಸಿದವರೂ ಹೊರಿಸಿಕೊಂಡವರೂ ಒಟ್ಟಿಗೆ ಸೋತರು. ಆರ್ವೆಲ್ ಕ್ಷಯರೋಗದಿಂದ ನರಳಿ 1950ರ ಜನವರಿ 21ರಂದು ಲಂಡನ್ನಿನಲ್ಲಿ ನಿಧನನಾದಾಗ ಅವನಿಗೆ 46 ವರ್ಷ. ಆ ಚಿಕ್ಕ ಪಡೆಯ ಪರವಾಗಿ ಅವನು ನುಡಿದ ಸಾಕ್ಷಿಯ 1500 ಪ್ರತಿಗಳು ಅಂದಿಗೂ ಪೂರ್ತಿ ಮಾರಾಟವಾಗಿರಲಿಲ್ಲ.